ಬೆಕ್ಕಿನ ಮಧುಮೇಹ: ಇನ್ಸುಲಿನ್ ಬಿಡಿಸಬೇಕಾದದ್ದು ಅಳತೆಯಿಂದ, ಆತುರದಿಂದಲ್ಲ

ಈ ಆರೋಗ್ಯ ವಿಭಾಗದಲ್ಲಿ ಮನುಷ್ಯರ ಮಧುಮೇಹದ ಕುರಿತು ಭಕ್ತಬಂಧುಗಳು ಹಲವು ಲೇಖನಗಳನ್ನು ಓದಿರುತ್ತಾರೆ. ಇಂದು ನಾವು ಬರೆಯಹೊರಟಿರುವುದು ಬೆಕ್ಕಿನ ಮಧುಮೇಹದ ವಿಚಾರ. ಇದನ್ನು ಕೇಳಿ ಕೆಲವರು ಮುಗುಳ್ನಗಬಹುದು. ಚಳ್ಳಕೆರೆಯ ನಮ್ಮ ಬೀದಿಯವರೂ ನಕ್ಕಿದ್ದರು. "ಬೆಕ್ಕಿಗೂ ಸಕ್ಕರೆ ಕಾಯಿಲೆಯೇ? ಅದಕ್ಕೂ ಸೂಜಿಯೇ?" ಎಂದು ಕೇಳಿದವರಿಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ವರ್ಷದ ಅನುಭವದ ನಂತರ ಈಗ ಉತ್ತರವಿದೆ. ಆ ಉತ್ತರದಲ್ಲಿ ಬೆಕ್ಕು ಸಾಕಿದವರಿಗಷ್ಟೇ ಅಲ್ಲದೆ, ಮನೆಯಲ್ಲಿ ಇನ್ಸುಲಿನ್ ಬಳಸುವ ಪ್ರತಿಯೊಬ್ಬರಿಗೂ ಬೇಕಾದ ಮಾತಿದೆ ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬೆಕ್ಕು ಹೊಸ ಪ್ರಾಣಿಯಲ್ಲ. ಶೇಂಗಾ ಚೀಲಗಳ ರಾಶಿಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಗಳಲ್ಲಿಯೂ ಹಾಸಿನ ನೂಲನ್ನು ಇಲಿ ಕಡಿಯದಿರಲೆಂದು ಬೆಕ್ಕನ್ನು ಆದರದಿಂದ ಕಾಣುತ್ತಾರೆ. ಆ ಬೆಕ್ಕುಗಳು ದುಡಿಯುವ ಬೆಕ್ಕುಗಳು. ಇಡೀ ರಾತ್ರಿ ಓಡಾಡುತ್ತವೆ, ಬೇಟೆಯಾಡಿ ತಿನ್ನುತ್ತವೆ, ಮೈಯಲ್ಲಿ ಕೊಬ್ಬು ಸೇರಲು ಬಿಡುವುದಿಲ್ಲ. ಕಾಯಕ ತಪ್ಪಿದ ಮೈಗೆ ರೋಗ ಬರುತ್ತದೆ ಎಂಬ ಮಾತು ಮನುಷ್ಯನಿಗೆ ಹೇಗೋ ಬೆಕ್ಕಿಗೂ ಹಾಗೆಯೇ ಸಲ್ಲುತ್ತದೆ. ಮಧುಮೇಹ ಬಂದದ್ದು ಬೇಟೆಯ ಬೆಕ್ಕಿಗಲ್ಲ, ನಮ್ಮ ಮಡಿಲಿನ ಬೆಕ್ಕಿಗೆ.

ಅದು ಎಂಟು ವರ್ಷದ ಗಂಡುಬೆಕ್ಕು. ಬೂದುಬಣ್ಣದ್ದಾದುದರಿಂದ ಮಕ್ಕಳು ಬೂದ ಎಂದೇ ಕರೆಯುತ್ತಿದ್ದರು. ಸಂತಾನಹರಣ ಚಿಕಿತ್ಸೆಯಾದ ಮೇಲೆ ಅದು ಮನೆಯ ಹೊಸ್ತಿಲು ದಾಟಿದ್ದು ಕಡಿಮೆ. ಬೆಳಿಗ್ಗೆ ಹಾಲು ಅನ್ನ, ಮಧ್ಯಾಹ್ನ ಮೊಸರನ್ನ, ಸಂಜೆ ಚಹಾದ ಜೊತೆ ನಾವು ತಿನ್ನುವ ಬಿಸ್ಕತ್ತಿನ ಚೂರು, ರಾತ್ರಿ ಅಂಗಡಿಯಿಂದ ತಂದ ಒಣ ಕಾಳಿನ ಆಹಾರ. ತೂಕ ಆರೂವರೆ ಕಿಲೋ ದಾಟಿತ್ತು. ನಾವು ಅದನ್ನು ಪುಷ್ಟಿ ಎಂದುಕೊಂಡೆವು. ಕಳೆದ ಬೇಸಿಗೆಯಲ್ಲಿ ಅದು ಪದೇ ಪದೇ ನೀರು ಕುಡಿಯತೊಡಗಿದಾಗ ಬಿಸಿಲಿನ ಕಾರಣವೆಂದುಕೊಂಡೆವು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು, ಇಲ್ಲಿ ಯಾರಿಗೆ ತಾನೆ ಬಾಯಾರುವುದಿಲ್ಲ? ಮೂತ್ರ ಹೆಚ್ಚಿತು. ಹಸಿವು ಹೆಚ್ಚಿತು, ಆದರೂ ಬೆನ್ನೆಲುಬು ಕೈಗೆ ಸಿಗತೊಡಗಿತು. ಕೊನೆಗೆ ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೆ ಊರಿ, ಮೊಲದಂತೆ ಕುಸಿದು ನಡೆಯತೊಡಗಿದಾಗ ಪಶುವೈದ್ಯರ ಬಳಿಗೆ ಒಯ್ದೆವು. ಬೆಕ್ಕಿನ ನರಗಳನ್ನು ಮಧುಮೇಹ ದುರ್ಬಲಗೊಳಿಸಿದಾಗ ಕಾಣುವ ಲಕ್ಷಣ ಅದೆಂದು ಆಗ ತಿಳಿಯಿತು. ರಕ್ತದಲ್ಲಿ ಸಕ್ಕರೆ 400 ದಾಟಿತ್ತು. ಹೆದರಿಕೆಯಿಂದಲೂ ಬೆಕ್ಕಿನ ರಕ್ತದ ಸಕ್ಕರೆ ತಾತ್ಕಾಲಿಕವಾಗಿ ಏರುವುದುಂಟು. ಆದ್ದರಿಂದ ವೈದ್ಯರು ಮೂತ್ರವನ್ನೂ ಪರೀಕ್ಷಿಸಿ, ಅದರಲ್ಲಿಯೂ ಸಕ್ಕರೆ ಇರುವುದನ್ನು ಕಂಡ ಮೇಲೆಯೇ ನಿರ್ಣಯ ಹೇಳಿದರು.

ಮನುಷ್ಯರಲ್ಲಿ ಮಧುಮೇಹ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಸ್ರವಿಸುವ ಕಣಗಳೇ ನಾಶವಾಗುತ್ತವೆ. ಎರಡನೆಯದರಲ್ಲಿ ಕಣಗಳು ಇರುತ್ತವೆ, ಆದರೆ ದೇಹ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಕಣಗಳೂ ದಣಿಯುತ್ತವೆ. ನಾಯಿಗೆ ಬರುವ ಮಧುಮೇಹ ಬಹುಪಾಲು ಮೊದಲನೆಯದನ್ನು ಹೋಲುತ್ತದೆ, ಬೆಕ್ಕಿನದು ಎರಡನೆಯದನ್ನು. ಬೆಕ್ಕಿಗೆ ಒಂದು ಆಶಾಕಿರಣವಿರುವುದು ಈ ವ್ಯತ್ಯಾಸದಿಂದಲೇ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಆ ಸಕ್ಕರೆಯೇ ಕಣಗಳಿಗೆ ವಿಷವಾಗುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಟ್ಟು, ಆಹಾರ ಬದಲಿಸಿ, ಸಕ್ಕರೆಯನ್ನು ಹದಕ್ಕೆ ತಂದರೆ ದಣಿದ ಕಣಗಳು ವಿಶ್ರಾಂತಿ ಪಡೆದು ಮತ್ತೆ ಕೆಲಸ ಆರಂಭಿಸಬಹುದು. ಆಗ ಹೊರಗಿನ ಇನ್ಸುಲಿನ್ ಬೇಡವಾಗುತ್ತದೆ. ವೈದ್ಯರು ಇದನ್ನು ಗುಣವಾಯಿತು ಎನ್ನುವುದಿಲ್ಲ, ರೋಗ ಶಮನಗೊಂಡಿದೆ ಎನ್ನುತ್ತಾರೆ. ಬೂದಿ ಮುಚ್ಚಿದ ಕೆಂಡಕ್ಕೂ ಆರಿದ ಕೆಂಡಕ್ಕೂ ಇರುವಷ್ಟು ಅಂತರ ಈ ಎರಡು ಮಾತುಗಳ ನಡುವೆ ಇದೆ.

ಇದು ಬರಿಯ ಆಶೆಯಲ್ಲ. ಜರ್ಮನಿಯ ಕಿರ್ಸ್ಟನ್ ರೂಂಪ್ ಮತ್ತು ಆಸ್ಟ್ರೇಲಿಯಾದ ಜಾಕ್ವಿ ರ‍್ಯಾಂಡ್ ಎಂಬ ವಿದುಷಿಯರು 2009ರಲ್ಲಿ 55 ಬೆಕ್ಕುಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಆ ಬೆಕ್ಕುಗಳಿಗೆ ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸಮಾಡುವ ಇನ್ಸುಲಿನ್ ಕೊಟ್ಟವರೂ, ಪಿಷ್ಟ ಕಡಿಮೆಯಿರುವ ಆಹಾರ ಉಣಿಸಿದವರೂ, ರಕ್ತದ ಸಕ್ಕರೆಯನ್ನು ಅಳೆದವರೂ ಮನೆಯ ಜನರೇ. ಒಟ್ಟಾರೆ ಶೇಕಡಾ 64ರಷ್ಟು ಬೆಕ್ಕುಗಳು ಇನ್ಸುಲಿನ್ನಿನಿಂದ ಬಿಡುಗಡೆ ಹೊಂದಿದವು. ರೋಗ ತಿಳಿದ 6 ತಿಂಗಳೊಳಗೆ ಈ ಕಟ್ಟುನಿಟ್ಟಿನ ಕ್ರಮಕ್ಕೆ ಬಂದವುಗಳಲ್ಲಿ ಆ ಪ್ರಮಾಣ ಶೇಕಡಾ 84, ತಡವಾಗಿ ಬಂದವುಗಳಲ್ಲಿ ಶೇಕಡಾ 35. ಅವರು ಬಹಳ ಶ್ರದ್ಧೆಯಿಂದ ದಿನಕ್ಕೆ ಹಲವು ಬಾರಿ ಅಳೆದವರು ಎಂಬುದನ್ನು ಮರೆಯಬಾರದು. ಎಲ್ಲರ ಮನೆಯಲ್ಲಿಯೂ ಇದೇ ಫಲ ಸಿಗುವುದೆಂದು ಹೇಳಲಾಗದು. ಆದರೂ ತಡಮಾಡಬಾರದು, ಅಳೆಯದೆ ಮುಂದುವರಿಯಬಾರದು ಎಂಬ ಎರಡು ಪಾಠಗಳು ಅಲ್ಲಿವೆ.

ನಾವು ಈ ಎರಡನೆಯ ಪಾಠವನ್ನು ಓದಿ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆವು.

ವೈದ್ಯರು 12 ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಕೊಡಲು ತಿಳಿಸಿದ್ದರು. ಮೊದಲ ದಿನಗಳಲ್ಲಿ ನಮ್ಮ ಕೈ ನಡುಗುತ್ತಿತ್ತು. ನಂತರ ಬೆಳಗಿನ ಪೂಜೆ ಮುಗಿದೊಡನೆ ಒಂದು, ಸಂಜೆಯ ಪೂಜೆ ಮುಗಿದೊಡನೆ ಒಂದು ಎಂದು ನಿಯಮ ಮಾಡಿಕೊಂಡೆವು. ಹೊತ್ತು ತಪ್ಪದ ಅನುಷ್ಠಾನವುಳ್ಳ ಮನೆಗೆ ಹೊತ್ತು ತಪ್ಪದ ಔಷಧ ಹೊರೆಯೆನಿಸುವುದಿಲ್ಲ. ಒಂದೂವರೆ ತಿಂಗಳಲ್ಲಿ ಬೂದ ಚೇತರಿಸಿಕೊಂಡಿತು. ನೀರಿನ ಬಟ್ಟಲು ಖಾಲಿಯಾಗುವುದು ನಿಂತಿತು, ನಡಿಗೆ ನೇರವಾಯಿತು. ಆಗ ಹಿತೈಷಿಗಳೊಬ್ಬರು, "ಇನ್ನೂ ಏಕೆ ಚುಚ್ಚುತ್ತೀರಿ? ಮೆಂತ್ಯದ ಪುಡಿ, ಹಾಗಲಕಾಯಿಯ ರಸ ಕೊಡಿ, ಸಾಕು" ಎಂದರು. ಮೂಕಪ್ರಾಣಿಯನ್ನು ದಿನವೂ ಚುಚ್ಚುವುದು ನಮಗೂ ನೋವಿನ ಸಂಗತಿಯೇ ಆಗಿತ್ತು. ವೈದ್ಯರನ್ನು ಕೇಳದೆ, ಒಂದು ಹನಿ ರಕ್ತವನ್ನೂ ಪರೀಕ್ಷಿಸದೆ ಸೂಜಿಯನ್ನು ಒಂದೇ ದಿನದಲ್ಲಿ ನಿಲ್ಲಿಸಿಬಿಟ್ಟೆವು. ಅದು ದಯೆಯೆಂದೇ ನಾವು ತಿಳಿದಿದ್ದೆವು.

ಒಂಬತ್ತನೆಯ ದಿನ ಬೂದ ಆಹಾರ ಮುಟ್ಟಲಿಲ್ಲ. ವಾಂತಿ ಮಾಡಿತು, ಮೂಲೆಯಲ್ಲಿ ಮುದುಡಿ ಕುಳಿತಿತು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಇನ್ಸುಲಿನ್ ಇಲ್ಲದ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸತೊಡಗಿದಾಗ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ತುಂಬುತ್ತವೆ. ಅದು ಪ್ರಾಣಾಪಾಯದ ಸ್ಥಿತಿ. ದಾವಣಗೆರೆಯವರೆಗೆ ಒಯ್ದು, ಮೂರು ದಿನ ರಕ್ತನಾಳಕ್ಕೆ ದ್ರವ ಕೊಡಿಸಿ ಉಳಿಸಿಕೊಂಡೆವು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಆ ಮೂರು ದಿನ ನಮ್ಮನ್ನು ಕಾಡಿದ ಪ್ರಶ್ನೆ ಒಂದೇ: ನಾವು ಬಿಡಿಸಹೊರಟದ್ದು ಬೆಕ್ಕಿನ ನೋವನ್ನೋ, ಚುಚ್ಚಬೇಕಾದ ನಮ್ಮ ಸಂಕಟವನ್ನೋ?

ಎರಡನೆಯ ಪೆಟ್ಟು ಬಿದ್ದದ್ದು ಮೊಳಕಾಲ್ಮೂರಿನಲ್ಲಿ. ನೆಂಟರ ಮನೆಯ ಮದುವೆಗೆ ಹೋದಾಗ ಬೂದನನ್ನೂ ಬುಟ್ಟಿಯಲ್ಲಿ ಒಯ್ದಿದ್ದೆವು. ಸಿರಿಂಜು ಮುಗಿದಿತ್ತು, ಔಷಧದ ಅಂಗಡಿಯೊಂದರಲ್ಲಿ ಇನ್ಸುಲಿನ್ ಸಿರಿಂಜು ಎಂದು ಕೇಳಿ ತಂದೆವು. ನಮ್ಮ ದೇಶದಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳಿವೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನಿಗೆ ಕೆಂಪು ಮುಚ್ಚಳದ್ದು, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. ನಮ್ಮ ಗ್ಲಾರ್ಜಿನ್ 100ರದ್ದು, ಕೈಗೆ ಬಂದ ಸಿರಿಂಜು 40ರದ್ದು. ನಾವು ಎಂದಿನಂತೆ ಎರಡನೆಯ ಗೀಟಿನವರೆಗೆ ಎಳೆದು ಕೊಟ್ಟೆವು. ಒಳಗೆ ಹೋದದ್ದು 2 ಯೂನಿಟ್ ಅಲ್ಲ, 5 ಯೂನಿಟ್. ಮುಚ್ಚಳದ ಬಣ್ಣ ನೋಡದ ತಪ್ಪು ನಮ್ಮದೇ.

ರಾತ್ರಿ ಹನ್ನೊಂದರ ಹೊತ್ತಿಗೆ ಬೆಕ್ಕು ಕುಡಿದವರಂತೆ ತೂರಾಡಿತು, ಶೂನ್ಯದತ್ತ ನೋಡಿ ಕೂಗಿತು, ಕಾಲುಗಳು ಸೆಳೆತುಕೊಂಡವು. ರಕ್ತದ ಸಕ್ಕರೆ ತೀರಾ ಕುಸಿದಾಗ ಹೀಗಾಗುತ್ತದೆ. ವೈದ್ಯರು ಮೊದಲೇ ಹೇಳಿಕೊಟ್ಟಿದ್ದ ಒಂದು ಮಾತು ಅಂದು ಅದರ ಜೀವ ಉಳಿಸಿತು. ಜೇನುತುಪ್ಪವನ್ನು ಬೆರಳಿಗೆ ಹಚ್ಚಿಕೊಂಡು ವಸಡಿಗೆ ಸವರಬೇಕು, ಪ್ರಜ್ಞೆಯಿಲ್ಲದ ಪ್ರಾಣಿಯ ಗಂಟಲಿಗೆ ಏನನ್ನೂ ಸುರಿಯಬಾರದು, ಚೇತರಿಸಿಕೊಂಡೊಡನೆ ಆಹಾರ ಕೊಟ್ಟು ವೈದ್ಯರನ್ನು ಕಾಣಬೇಕು. ಮದುವೆಮನೆಯ ಹಿತ್ತಿಲಲ್ಲಿ ಬೆಳಗಾಗುವವರೆಗೆ ಗಂಟೆಗಂಟೆಗೂ ಜೇನು ಸವರುತ್ತ ಕುಳಿತೆವು. ದೀರ್ಘಕಾಲದ ಇನ್ಸುಲಿನ್ ಆದುದರಿಂದ ಒಮ್ಮೆ ಎದ್ದ ಬೆಕ್ಕು ಮತ್ತೆ ಕುಸಿಯಬಹುದಾಗಿತ್ತು. ಬೆಳಿಗ್ಗೆ ಪಶು ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ನಾವು ಅಲ್ಲಿದ್ದೆವು.

ಇನ್ಸುಲಿನ್ ಕಡಿಮೆಯಾದಾಗಲೂ ಸಾವು ಬಾಗಿಲಿಗೆ ಬಂದಿತ್ತು, ಹೆಚ್ಚಾದಾಗಲೂ ಬಂದಿತ್ತು. ಎರಡು ಬಾರಿಯೂ ನಾವು ಅಳೆದಿರಲಿಲ್ಲ. ಇಲ್ಲಿಂದ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ.

ಮೊದಲನೆಯದು ಆಹಾರದ ವಿಚಾರ. ಶಾಕಾಹಾರಿಗಳಾದ ನಮ್ಮಂಥ ಮನೆಗಳಿಗೆ ಇದು ಕಠಿಣವಾದ ಮಾತು, ಆದರೂ ಹೇಳದೆ ವಿಧಿಯಿಲ್ಲ. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಅದರ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯದು. ಅದರ ಯಕೃತ್ತಿಗೆ ಒಮ್ಮೆಲೇ ಬಂದ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕಡಿಮೆ. ಟಾರಿನ್ ಎಂಬ ಅಂಶ ಅದಕ್ಕೆ ಪ್ರಾಣಿಜನ್ಯ ಆಹಾರದಿಂದಲೇ ದೊರೆಯಬೇಕು, ದೊರೆಯದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲ. ಹಾಗಿರುವಾಗ ಹಾಲು ಅನ್ನ ಹಾಕಿ, "ನಮ್ಮ ಬೆಕ್ಕು ಶುದ್ಧ ಸಸ್ಯಾಹಾರಿ" ಎಂದು ಹೆಮ್ಮೆಪಟ್ಟ ನಾವು ಮಾಡಿದ್ದೇನು? ನಮ್ಮ ವ್ರತದ ಭಾರವನ್ನು ಅದರ ಮೇದೋಜೀರಕ ಗ್ರಂಥಿಯ ಮೇಲೆ ಹೇರಿದೆವು. ವ್ರತವೆಂಬುದು ಅರಿತು ಹಿಡಿಯುವವರಿಗೆ. ಅರಿಯದ ಜೀವದ ಮೇಲೆ ಹೇರಿದಾಗ ಅದು ಅಹಿಂಸೆಯಾಗಿ ಉಳಿಯುವುದಿಲ್ಲ.

ಭಕ್ತರಲ್ಲಿ ಕೆಲವರು ಇದನ್ನು ಒಪ್ಪದಿರಬಹುದು. ಅವರ ಮನಸ್ಸನ್ನು ನೋಯಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಮನೆಯಲ್ಲಿಯೂ ಇದೇ ವಾದ ಹಲವು ರಾತ್ರಿ ನಡೆಯಿತು. ಕೊನೆಗೆ ಮನೆಯ ಹಿರಿಯರೇ ದಾರಿ ತೋರಿದರು. ಅಡಿಗೆಮನೆಗೆ ಏನನ್ನೂ ತರಲಿಲ್ಲ. ಬೆಕ್ಕಿಗೆಂದೇ ತಯಾರಾದ, ಪಿಷ್ಟ ಕಡಿಮೆಯಿರುವ ತೇವದ ಆಹಾರದ ಡಬ್ಬಿಗಳನ್ನು ಹಿತ್ತಿಲ ಕೋಣೆಯಲ್ಲಿರಿಸಿ, ಪ್ರತ್ಯೇಕ ತಟ್ಟೆಯಲ್ಲಿ ಅಲ್ಲಿಯೇ ಉಣಿಸಿದೆವು. ಇದು ಯಾರಿಗೆ ಸಾಧ್ಯವಿಲ್ಲವೋ ಅವರು ಬೆಕ್ಕನ್ನು ಮನೆಯೊಳಗೆ ಕಟ್ಟಿ ಸಾಕದಿರುವುದೇ ಮೇಲು. ಮೊಲವನ್ನೋ ಕರುವನ್ನೋ ಸಾಕಲಿ, ಅದರ ಆಹಾರಕ್ಕೂ ತಮ್ಮ ಆಚಾರಕ್ಕೂ ಘರ್ಷಣೆ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಉಪವಾಸದಿಂದ ಸಕ್ಕರೆ ಇಳಿಯುತ್ತದೆಂದು ಬೆಕ್ಕನ್ನು ಉಪವಾಸ ಕೆಡವಬಾರದು. ದಪ್ಪನೆಯ ಬೆಕ್ಕು ಕೆಲವು ದಿನ ಆಹಾರವಿಲ್ಲದಿದ್ದರೆ ಕೊಬ್ಬು ಯಕೃತ್ತಿನಲ್ಲಿ ತುಂಬಿ ಸಾಯಬಹುದು. ತೂಕ ಇಳಿಸುವುದಾದರೆ ವಾರಕ್ಕೆ ಮೈತೂಕದ ಶೇಕಡಾ 1ರಷ್ಟು ಇಳಿದರೆ ಸಾಕು. ಅಲ್ಲದೆ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಆಹಾರವನ್ನು ವೈದ್ಯರಿಗೆ ತಿಳಿಸದೆ ಬದಲಿಸಬಾರದು. ಅನ್ನ ನಿಲ್ಲಿಸಿದೊಡನೆ ಇನ್ಸುಲಿನ್ನಿನ ಅಗತ್ಯವೂ ಇಳಿಯುತ್ತದೆ, ಹಳೆಯ ಪ್ರಮಾಣವೇ ಮುಂದುವರಿದರೆ ಸಕ್ಕರೆ ಕುಸಿಯುತ್ತದೆ.

ಎರಡನೆಯದು ಅಳತೆಯ ವಿಚಾರ. ಮನೆಯಲ್ಲಿ ಮನುಷ್ಯರಿಗೆ ಬಳಸುವ ಗ್ಲುಕೋಮೀಟರಿನಿಂದಲೇ ನಾವು ಆರಂಭಿಸಿದೆವು. ಬೆಕ್ಕಿನ ಕಿವಿಯ ಅಂಚನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬೆಚ್ಚಗೆ ಮಾಡಿ, ಅಲ್ಲಿ ಸೂಜಿಮೊನೆ ತಾಕಿಸಿದರೆ ಒಂದು ಹನಿ ರಕ್ತ ಬರುತ್ತದೆ. ಮನುಷ್ಯರ ಯಂತ್ರ ಬೆಕ್ಕಿನ ರಕ್ತದಲ್ಲಿ ಸಕ್ಕರೆಯನ್ನು ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದು ಸಾಮಾನ್ಯ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಅರ್ಥೈಸುವುದು ವೈದ್ಯರ ಕೆಲಸ. ನಮ್ಮ ಕೆಲಸ ಬರೆದಿಡುವುದು. ಒಂದು ನೋಟುಪುಸ್ತಕದಲ್ಲಿ ದಿನಾಂಕ, ಹೊತ್ತು, ಸಕ್ಕರೆ, ಇನ್ಸುಲಿನ್ ಪ್ರಮಾಣ, ಉಂಡದ್ದು, ಕುಡಿದ ನೀರು, ವಾರಕ್ಕೊಮ್ಮೆ ತೂಕ ಇಷ್ಟನ್ನು ಬರೆದೆವು. ಆ ಪುಸ್ತಕವನ್ನು ನೋಡಿದ ಮೇಲೆಯೇ ವೈದ್ಯರು ಮೊದಲ ಬಾರಿಗೆ, "ಈಗ ಇಳಿಸುವ ಮಾತು ಆಡಬಹುದು" ಎಂದರು.

ಇಳಿಕೆ ನಡೆದದ್ದು ಅರ್ಧರ್ಧ ಯೂನಿಟ್ಟಿನ ಮೆಟ್ಟಿಲುಗಳಲ್ಲಿ. 2ರಿಂದ ಒಂದೂವರೆಗೆ, ಅಲ್ಲಿಂದ 1ಕ್ಕೆ, ಅಲ್ಲಿಂದ ಅರ್ಧಕ್ಕೆ. ಪ್ರತಿ ಮೆಟ್ಟಿಲಿನಲ್ಲಿಯೂ ವಾರಗಟ್ಟಲೆ ನಿಂತು, ಸಕ್ಕರೆ ಹದದಲ್ಲಿಯೇ ಉಳಿಯುತ್ತಿದೆ ಎಂದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆ. ನಡುವೆ ಒಮ್ಮೆ ಸಕ್ಕರೆ ಮತ್ತೆ ಏರಿತು. ಕಾರಣ ಹುಡುಕಿದಾಗ ಕೊಳೆತ ಹಲ್ಲು ಸಿಕ್ಕಿತು. ವಸಡಿನ ಸೋಂಕು, ಮೂತ್ರದ ಸೋಂಕು, ಬೇರೆ ರೋಗಕ್ಕೆಂದು ಕೊಟ್ಟ ಸ್ಟೀರಾಯ್ಡ್ ಔಷಧ ಇವೆಲ್ಲ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಹಲ್ಲು ಕೀಳಿಸಿ, ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ, ಮತ್ತೆ ಇಳಿದೆವು. ಅರ್ಧ ಯೂನಿಟ್ಟೂ ಬೇಡವಾದ ದಿನ ಸಿರಿಂಜು ಎತ್ತಿಟ್ಟೆವು, ಗ್ಲುಕೋಮೀಟರನ್ನು ಎತ್ತಿಡಲಿಲ್ಲ. ಇನ್ಸುಲಿನ್ ಇಲ್ಲದೆ ನಾಲ್ಕು ವಾರ ಸಕ್ಕರೆ ಹದದಲ್ಲಿದ್ದರೆ ಮಾತ್ರ ಶಮನವಾಗಿದೆಯೆಂದು ಹೇಳುವುದು ವಾಡಿಕೆ. ಆ ನಾಲ್ಕು ವಾರ ನಾವು ಸಂತೋಷಪಡಲು ಹೆದರಿದ್ದೆವು. ಇಲ್ಲಿ ಬರೆದ ಪ್ರಮಾಣಗಳು ನಮ್ಮ ಒಂದು ಬೆಕ್ಕಿಗೆ ಅದರ ವೈದ್ಯರು ನಿರ್ಧರಿಸಿದವು. ಬೇರೆ ಬೆಕ್ಕಿಗೆ ಇವು ಸಲ್ಲವು. ಯಾರೂ ಇವನ್ನು ನಕಲು ಮಾಡಕೂಡದು.

ಬಿಸಿಲಿನ ಸೀಮೆಯವರಾದ ನಮಗೆ ಒಂದು ವಿಶೇಷ ಮಾತು. ಬಳಕೆಗೆ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ವಿದ್ಯುತ್ ಹೋದರೆ ಫ್ರಿಜ್ಜೂ ಕಪಾಟಿನಂತೆಯೇ. ಅಂಥ ಹೊತ್ತಿನಲ್ಲಿ ಬಾಟಲಿಯನ್ನು ನೀರು ತಾಕದಂತೆ ಮುಚ್ಚಿ, ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಕುಡಿಕೆಯಲ್ಲಿರಿಸಿದರೆ ಹೊರಗಿನ ಸೆಕೆಗಿಂತ ತಂಪಾಗಿರುತ್ತದೆ. ಬೈಕಿನ ಡಿಕ್ಕಿಯಲ್ಲಿಯೋ ಬಸ್ಸಿನ ಕಿಟಕಿಯ ಬಳಿಯೋ ಒಯ್ದ ಇನ್ಸುಲಿನ್ ನೋಡಲು ತಿಳಿಯಾಗಿಯೇ ಇದ್ದರೂ ಶಕ್ತಿ ಕಳೆದುಕೊಂಡಿರಬಹುದು. ಮನುಷ್ಯರಿಗೂ ಇದು ಅನ್ವಯಿಸುತ್ತದೆ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಮಾತು. ಬೂದನ ಕಥೆ ಕೇಳಿದ ನೆರೆಯವರೊಬ್ಬರು, "ಬೆಕ್ಕಿಗೇ ಇನ್ಸುಲಿನ್ ಬಿಟ್ಟುಹೋಗುವುದಾದರೆ ನಮ್ಮ ಹುಡುಗನಿಗೂ ಬಿಡಿಸಬಹುದಲ್ಲವೆ?" ಎಂದು ಕೇಳಿದರು. ಆ ಹುಡುಗನಿಗೆ ಇರುವುದು ಮೊದಲನೆಯ ಬಗೆಯ ಮಧುಮೇಹ. ನಾವು ನಡುಗಿಹೋದೆವು. ದಯವಿಟ್ಟು ಭಕ್ತರು ಗಮನಿಸಬೇಕು. ಮೊದಲನೆಯ ಬಗೆಯ ಮಧುಮೇಹವುಳ್ಳ ಮಗುವಿನ ಇನ್ಸುಲಿನ್ನನ್ನು ಯಾವ ಬೇರು, ಯಾವ ಪುಡಿ, ಯಾವ ಹರಕೆಯ ಹೆಸರಿನಲ್ಲಿಯೂ ನಿಲ್ಲಿಸಕೂಡದು. 1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿ, 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿ ಕೊಡುವವರೆಗೆ ಈ ರೋಗ ಬಂದ ಮಕ್ಕಳು ಬದುಕುಳಿಯುತ್ತಿರಲಿಲ್ಲ. ಎರಡನೆಯ ಬಗೆಯವರಲ್ಲಿ ಕೆಲವರಿಗೆ ತೂಕ ಇಳಿಸುವುದರಿಂದ ಔಷಧ ಕಡಿಮೆಯಾಗಬಹುದು, ಅದೂ ವೈದ್ಯರ ಕಣ್ಣಳತೆಯಲ್ಲಿ. ನಾಯಿ ಸಾಕಿದವರೂ ಕೇಳಿಕೊಳ್ಳಲಿ: ಮಧುಮೇಹದ ನಾಯಿಗೆ ಸಾಮಾನ್ಯವಾಗಿ ಇನ್ಸುಲಿನ್ ಜೀವನಪರ್ಯಂತ ಬೇಕು. ಬೆಕ್ಕಿಗೆ ದೊರೆತ ಬಿಡುಗಡೆಯನ್ನು ಎಲ್ಲರಿಗೂ ಹಂಚಲು ಬಾರದು.

ಇನ್ನು ನಮ್ಮ ವ್ಯವಸ್ಥೆಯ ಕುರಿತು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಪಶು ಆಸ್ಪತ್ರೆಗಳು ಕುರಿ, ಮೇಕೆ, ದನಗಳ ಸೇವೆಗೆಂದು ಇರುವವು. ಕುರಿಯೂ ಕಂಬಳಿಯೂ ಅನ್ನವಾಗಿರುವ ಸೀಮೆಯಲ್ಲಿ ಅದು ನ್ಯಾಯವೇ. ನೂರು ಕುರಿಗಳಿಗೆ ಲಸಿಕೆ ಹಾಕಬೇಕಾದ ವೈದ್ಯರ ಮುಂದೆ ಒಂದು ಬೆಕ್ಕಿನ ಬುಟ್ಟಿ ಹಿಡಿದು ನಿಲ್ಲಲು ನಮಗೇ ಸಂಕೋಚವಾಗುತ್ತಿತ್ತು. ದೊಡ್ಡ ಪರೀಕ್ಷೆಗಳಿಗೆ ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಿಗೆ ಹೋಗುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಮಧುಮೇಹ ಪತ್ತೆಗೆ ಬೇಕಾದದ್ದು ಒಂದು ಗ್ಲುಕೋಮೀಟರು, ಮೂತ್ರ ಪರೀಕ್ಷೆಯ ಪಟ್ಟಿ, ಹತ್ತು ನಿಮಿಷದ ವ್ಯವಧಾನ. ತಿಂಗಳಿಗೆ ಒಂದು ಮಧ್ಯಾಹ್ನವನ್ನು ಸಣ್ಣ ಸಾಕುಪ್ರಾಣಿಗಳಿಗೆ ಮೀಸಲಿಟ್ಟರೆ ಕುರಿಗಳಿಗೇನೂ ಅನ್ಯಾಯವಾಗದು. ಇದು ನಮ್ಮ ವಿನಮ್ರ ಸಲಹೆ. ಹಾಗೆಯೇ ಊರಿನ ಔಷಧದ ಅಂಗಡಿಗಳವರು ಇನ್ಸುಲಿನ್ ಸಿರಿಂಜು ಕೊಡುವಾಗ "ನಲವತ್ತೋ ನೂರೋ?" ಎಂಬ ಎರಡು ಪದಗಳ ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಲಿ. ಕೊಳ್ಳುವವರಾದ ನಾವೂ ಬಾಟಲಿಯನ್ನೇ ಒಯ್ದು ತೋರಿಸೋಣ. ಆ ಪ್ರಶ್ನೆ ಬೆಕ್ಕಿಗಿಂತ ಹೆಚ್ಚಾಗಿ ಮನುಷ್ಯರನ್ನು ಉಳಿಸುತ್ತದೆ.

"ಮನುಷ್ಯರಿಗೇ ಚಿಕಿತ್ಸೆ ಸಿಗದಿರುವಾಗ ಬೆಕ್ಕಿಗೆ ಇಷ್ಟೆಲ್ಲ ಖರ್ಚೇ?" ಎಂಬ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಖರ್ಚು ಭರಿಸಲಾಗದ ಮನೆಗಳನ್ನು ನಾವು ದೂಷಿಸುವುದಿಲ್ಲ. ಅವರು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಲಿ, ಆಹಾರ ಬದಲಾವಣೆಯನ್ನಾದರೂ ಸರಿಯಾಗಿ ಮಾಡಲಿ. ಆದರೆ ಒಂದು ಜೀವವನ್ನು ಮನೆಯೊಳಗೆ ಕರೆದು, ಅದರ ಬೇಟೆಯನ್ನು ಬಿಡಿಸಿ, ನಮ್ಮ ತಟ್ಟೆಯ ಅನ್ನ ಹಾಕಿ ರೋಗ ತರಿಸಿದವರು ನಾವೇ ಆಗಿರುವಾಗ, ಅದರ ಚಿಕಿತ್ಸೆ ಉಪಕಾರವಲ್ಲ, ಋಣ ಸಂದಾಯ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಯರ ಸೇವೆ, ಗುರುಗೌರವ, ಸತ್ಯ ಇವುಗಳ ಸಾಲಿನಲ್ಲಿಯೇ ಪ್ರಾಣಿಗಳ ಕುರಿತಾದ ದಯೆಯಲ್ಲಿ ದೃಢವಾಗಿರಬೇಕೆಂಬ ಬೋಧೆ ಅಲ್ಲಿದೆ. ಗಿರ್ನಾರದ ಬಂಡೆಯಲ್ಲಿ ಅದೇ ದೊರೆ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ಬರೆಸಿದ್ದಾನೆ. ಬಸವಾದಿ ಶರಣರು ದಯೆಯನ್ನು ಧರ್ಮದ ಬೇರೆಂದು ಸಾರಿದುದು ನಾವೆಲ್ಲರೂ ಬಲ್ಲ ಸಂಗತಿ. ಬಂಡೆಯ ಮೇಲಿನ ಆ ಬೋಧೆಯಲ್ಲಿ ನಮ್ಮ ಮನಸ್ಸನ್ನು ತಟ್ಟಿದ ಪದ ಒಂದು: ದೃಢತೆ. ಮರುಕ ಕ್ಷಣಿಕ. ಬೆಕ್ಕು ನೋವಿನಿಂದ ಕೂಗಿದಾಗ ಮರುಗಿ ಸೂಜಿ ಎಸೆದದ್ದು ಮರುಕ. ತಿಂಗಳುಗಟ್ಟಲೆ, ಹೊತ್ತಿಗೆ ಸರಿಯಾಗಿ, ಒಂದು ಹನಿ ರಕ್ತ ತೆಗೆದು ಪುಸ್ತಕದಲ್ಲಿ ಬರೆದದ್ದು ದಯೆ. ಈ ಎರಡರ ಭೇದ ನಮಗೆ ತಿಳಿಯಲು ಒಂದು ಪ್ರಾಣ ಎರಡು ಬಾರಿ ಅಂಚಿಗೆ ಹೋಗಿಬರಬೇಕಾಯಿತು.

ಬೂದ ಈಗ ಇನ್ಸುಲಿನ್ ಇಲ್ಲದೆ ಐದನೆಯ ತಿಂಗಳಿನಲ್ಲಿದೆ. ತೂಕ ಐದು ಕಿಲೋ. ಬಿಸ್ಕತ್ತಿನ ಡಬ್ಬಿಯ ಸದ್ದಿಗೆ ಇಂದಿಗೂ ಕಿವಿ ನಿಮಿರಿಸುತ್ತದೆ, ನಾವು ಕೊಡುವುದಿಲ್ಲ. ಶಮನಗೊಂಡ ಮಧುಮೇಹ ಕೆಲವು ಬೆಕ್ಕುಗಳಲ್ಲಿ ಮರಳಿ ಬರುತ್ತದೆಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ಇಂದಿಗೂ ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಅದರ ಕಿವಿಯನ್ನು ಬೆಚ್ಚಗೆ ಮಾಡಿ ಒಂದು ಹನಿ ರಕ್ತ ತೆಗೆಯುತ್ತೇವೆ. ಈ ವಾರ ಬಂದ ಅಂಕಿ 104. ಪುಸ್ತಕದಲ್ಲಿ ಬರೆದು ಮುಚ್ಚಿಟ್ಟಿದ್ದೇವೆ. ಮುಂದಿನ ಸೋಮವಾರ ಮತ್ತೆ ತೆರೆಯುತ್ತೇವೆ.